ರೊಡ್ಡಗೈಗೊಂದು ಹಿಡಿ

ಮರಾಠಿಯಲ್ಲಿ ಶೂಟಿಂಗ್ ಕ್ರೀಡೆಗೆ ‘ನೇಮ್‌ಬಾಜಿ’ ಎನ್ನುತ್ತಾರೆ. ನೇಮ್ ಎಂದರೆ ಗುರಿ. ಕನ್ನಡದ ಕಿವಿಗೆ ಅದು ‘ನೇಮ’ ಎಂದು ಕೇಳಿಸುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಹುಟ್ಟಿದವರ ನಾಲಿಗೆಯ ಮೇಲೆ ಎರಡೂ ಭಾಷೆ ಒಟ್ಟಿಗೇ ಓಡಾಡುತ್ತವೆ. ತಂಗಿ ನೇಮ್‌ಬಾಜಿ ಕಲಿಯಲು ಕೊಲ್ಹಾಪುರಕ್ಕೆ ಹೊರಟಾಗ ನಮ್ಮ ಆಯಿ ಅದನ್ನು ಯಾವುದೋ ದೇವರ ನೇಮ ಎಂದೇ ತಿಳಿದು, “ಎಷ್ಟ್ ದಿನದ್ದವ್ವಾ ನೇಮಾ? ಉಪಾಸ ಇರಬೇಕೇನು?” ಎಂದು ಕೇಳಿದ್ದಳು. ಮೂರು ವರ್ಷದ ಮೇಲೆ ಈಗ ನೋಡಿದರೆ ಆಯಿಯ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ ಅನಿಸುತ್ತದೆ.

ನಮ್ಮ ಭಾಗದ ಹುಡುಗಿಯರು ಈ ಆಟಕ್ಕೆ ಹೋಗಲು ಕೊಲ್ಹಾಪುರವೇ ಕಾರಣ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಒಂದು ತಾಸಿನ ದಾರಿ. 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಆ ಊರಿನವರು. 2018ರ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದ ರಾಹಿ ಸರ್ನೋಬತ್ ಕೂಡ ಅಲ್ಲಿಯವರೇ. 2024ರಲ್ಲಿ ಪ್ಯಾರಿಸ್‌ನಿಂದ ಕಂಚು ತಂದ ಸ್ವಪ್ನಿಲ್ ಕುಸಾಳೆ ಅದೇ ಜಿಲ್ಲೆಯ ಕಂಬಳವಾಡಿಯವರು. ಆ ಪದಕ ಬಂದ ದಿನ ನಮ್ಮ ಹೊಲದ ದಂಡೆಯ ಚಹಾದಂಗಡಿಯಲ್ಲೂ ಪೇಢೆ ಹಂಚಿದ್ದರು. ಗಡಿ ನಕಾಶೆಯಲ್ಲಿದೆ, ಪೇಢೆಯಲ್ಲಿಲ್ಲ.

ನಾನು ಸಂಶೋಧನೆ ಮಾಡುತ್ತಿರುವುದು ಗಡಿಭಾಗದ ಕುಶಲಕರ್ಮಿಗಳ ಪದಗಳ ಮೇಲೆ. ಅಥಣಿಯ ಚಪ್ಪಲಿ ಹೊಲಿಯುವವರು, ಬಡಿಗೇರರು, ಕಮ್ಮಾರರು, ಕಾಗವಾಡದಾಚೆ ಮಿರಜಿನ ತಂಬೂರಿ ಮಾಡುವವರು. ಒಂದು ಹತಾರದ ಯಾವ ಭಾಗಕ್ಕೆ ಏನು ಹೆಸರು, ಅದನ್ನು ಹಿಡಿಯುವುದು ಹೇಗೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ತಂಗಿಯ ಪಿಸ್ತೂಲು ನನ್ನ ಟೇಬಲ್ಲಿಗೆ ಬಂದದ್ದು ಹೀಗೆ, ಇನ್ನೊಂದು ಹತಾರವಾಗಿ.

ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನಲ್ಲಿ ನೂರು ಸಲ ಹೇಳಿದ್ದೇವೆ. ಇದು ಗಾಳಿ ಪಿಸ್ತೂಲು. ನಳಿಕೆ 4.5 ಮಿಲಿಮೀಟರಿನದು. ಸೀಸದ ಗುಂಡು ಅರ್ಧ ಗ್ರಾಂ ಆಸುಪಾಸು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಈ ಅಳತೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಗಾಳಿ ಪಿಸ್ತೂಲಿಗೆ ಪರವಾನಗಿ ಬೇಡ. ಆದರೆ ‘ಪಿಸ್ತೂಲು’ ಎಂಬ ಮಾತಿಗೆ ಜೂಲಿನ ಲೆಕ್ಕ ತಿಳಿಯುವುದಿಲ್ಲ. ತಂಗಿಯನ್ನು ನೋಡಲು ಬರಬೇಕಿದ್ದ ಒಂದು ಮನೆಯವರು “ಹುಡುಗಿ ಮನ್ಯಾಗ ಪಿಸ್ತೂಲ ಐತಂತ” ಎಂದು ಬರಲೇ ಇಲ್ಲ. ಅವ್ವ ವಾರಗಟ್ಟಲೆ ಮುಖ ಸಪ್ಪಗೆ ಮಾಡಿಕೊಂಡಿದ್ದಳು. ತಂಗಿ ಮಾತ್ರ ಅಂದಿನಿಂದ ಪಿಸ್ತೂಲಿನ ಮೇಲೆ ಇನ್ನಷ್ಟು ಪ್ರೀತಿ ತೋರಿಸತೊಡಗಿದಳು.

ಆಕೆಯ ನಿಜವಾದ ತೊಂದರೆ ಬೇರೆ ಇತ್ತು. ತಂಗಿ ರೊಡ್ಡಿ, ಎಡಗೈಯವಳು. ಚಿಕ್ಕಂದಿನಲ್ಲಿ ಉಣ್ಣುವಾಗ, ಆರತಿ ಹಿಡಿಯುವಾಗ, ಯಾರಿಗಾದರೂ ಏನಾದರೂ ಕೊಡುವಾಗ ಆಯಿ ಆ ಕೈಗೆ ಮೆಲ್ಲಗೆ ಹೊಡೆಯುತ್ತಿದ್ದಳು. ಶಾಲೆಯಲ್ಲಿ ಮೆಲ್ಲಗಲ್ಲ, ಜೋರಾಗಿಯೇ ಹೊಡೆದರು. ಹತ್ತು ವರ್ಷಕ್ಕೆ ಬರುವಷ್ಟರಲ್ಲಿ ಆಕೆ ಬಲಗೈಯಲ್ಲಿ ಬರೆಯುತ್ತಿದ್ದಳು, ಉಣ್ಣುತ್ತಿದ್ದಳು. ಕೈ ತಿದ್ದಿತು ಎಂದು ಎಲ್ಲರೂ ಅಂದುಕೊಂಡೆವು.

ರೇಂಜಿನಲ್ಲಿ ಮೊದಲ ವಾರವೇ ಕೋಚ್ ಆಕೆಯ ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರೊಳಗಿಂದ ದೂರದ ಗಡಿಯಾರ ನೋಡಲು ಹೇಳಿದರಂತೆ. ಬಲಗಣ್ಣು ಮುಚ್ಚಿದರೂ ಗಡಿಯಾರ ಅಲ್ಲೇ ಇತ್ತು. ಎಡಗಣ್ಣು ಮುಚ್ಚಿದ ಕೂಡಲೇ ಮಾಯ. ಅಂದರೆ ಯಜಮಾನಿಕೆ ಎಡಗಣ್ಣಿನದು. ಕೈಯನ್ನು ಹೊಡೆದು ಬದಲಿಸಬಹುದು, ಕಣ್ಣಿಗೆ ಹೊಡೆಯುವವರು ಯಾರು? ಎಡಗೈಯಲ್ಲೇ ಹೊಡೆಯಬೇಕು ಎಂದು ತೀರ್ಮಾನವಾಯಿತು. ಆದರೆ ಅಲ್ಲಿದ್ದ ಅಭ್ಯಾಸದ ಪಿಸ್ತೂಲುಗಳೆಲ್ಲ ಬಲಗೈಯವು, ಅದೂ ದೊಡ್ಡ ಗಂಡಸರ ಅಂಗೈಯವು.

ಸ್ಪರ್ಧೆಯ ಪಿಸ್ತೂಲಿನ ಹಿಡಿ ಸಿನಿಮಾದಲ್ಲಿ ನೋಡುವ ಹಿಡಿಯಂತಲ್ಲ. ಅದು ಕೈಯ ಅಚ್ಚು. ಹೆಬ್ಬೆರಳಿಗೆ ಒಂದು ತಗ್ಗು, ಮೂರು ಬೆರಳಿಗೆ ಮೂರು ಗೆರೆ, ಕೆಳಗೆ ಅಂಗೈಯ ಅಂಚು ಊರಲು ಮೇಲೆ ಕೆಳಗೆ ಸರಿಸಬಹುದಾದ ಒಂದು ಹಲಗೆ. ಇದೆಲ್ಲ ಇಷ್ಟು ನಾಜೂಕು ಯಾಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕವಿದೆ. ಪಿಸ್ತೂಲಿನ ಹಿಂದಿನ ಕಿಂಡಿಗೂ ಮುಂದಿನ ಮೊಳೆಗೂ ನಡುವೆ ಸುಮಾರು 33 ಸೆಂಟಿಮೀಟರ್. ಗುರಿಹಲಗೆ 10 ಮೀಟರ್ ದೂರ. ಆ ಮೊಳೆ ಕಿಂಡಿಯಲ್ಲಿ ಒಂದೇ ಒಂದು ಮಿಲಿಮೀಟರ್ ಬದಿಗೆ ಸರಿದರೆ ಅಲ್ಲಿ ಗುಂಡು ಸುಮಾರು 30 ಮಿಲಿಮೀಟರ್ ಸರಿಯುತ್ತದೆ. ಹತ್ತರ ವೃತ್ತದ ಅಗಲವೇ 11.5 ಮಿಲಿಮೀಟರ್. ಹತ್ತು ಹೋಗಿ ಏಳಾಗುತ್ತದೆ. ಹಿಡಿ ಅಂಗೈಗೆ ಒಪ್ಪದಿದ್ದರೆ ಮಣಿಕಟ್ಟು ಪ್ರತಿ ಸಲವೂ ಅದನ್ನು ಸರಿಪಡಿಸುತ್ತಲೇ ಇರಬೇಕು. ಅರ್ಹತಾ ಸುತ್ತಿನಲ್ಲಿ 60 ಗುಂಡು, 75 ನಿಮಿಷ. ಅರವತ್ತು ಸಲ ಸರಿಪಡಿಸುತ್ತ ಹೋದರೆ ನಲವತ್ತನೆಯದರ ಹೊತ್ತಿಗೆ ಕೈ ಸೋಲುತ್ತದೆ. ತಂಗಿಗೆ ಆಗುತ್ತಿದ್ದದ್ದು ಅದೇ.

ಹೊಸ ಪಿಸ್ತೂಲಿಗೆ ಲಕ್ಷಗಳ ಮಾತು. ಅಪ್ಪನ ಕಬ್ಬಿನ ಬಿಲ್ಲು ಇನ್ನೂ ಬಂದಿರಲಿಲ್ಲ. ಆಟ ಬಿಟ್ಟ ಒಬ್ಬರಿಂದ ಹಳೆಯದೊಂದು ಸಿಕ್ಕಿತು, ನನ್ನ ಫೆಲೋಶಿಪ್ಪಿನ ಹಣದ ಒಂದು ಪಾಲು ಅದಕ್ಕೆ ಹೋಯಿತು. ಹಳೆಯದು ಕೊಳ್ಳುವವರು ಮೊದಲು ನೋಡಬೇಕಾದ್ದು ಗಾಳಿ ತುಂಬುವ ಸಿಲಿಂಡರಿನ ಮೇಲಿನ ದಿನಾಂಕ. 10 ವರ್ಷ ದಾಟಿದ್ದನ್ನು ಸ್ಪರ್ಧೆಗೆ ಒಯ್ಯುವಂತಿಲ್ಲ. ನಮ್ಮದಕ್ಕೆ ಇನ್ನೂ ಆಯುಷ್ಯವಿತ್ತು. ಈ ಪಿಸ್ತೂಲಿಗೆ ಎಡ ಬಲದ ಭೇದ ಇರುವುದು ಹಿಡಿಯಲ್ಲಿ ಮಾತ್ರ, ಒಂದು ಬಿಚ್ಚಿ ಇನ್ನೊಂದು ಕೂರಿಸಬಹುದು. ಆದರೆ ಸಣ್ಣ ಅಳತೆಯ ಎಡಗೈ ಹಿಡಿಯನ್ನು ಹೊರದೇಶದಿಂದಲೇ ತರಿಸಬೇಕು.

ಆಗ ನೆನಪಾದವರು ನಮ್ಮೂರ ಬಡಿಗೇರ ಕಾಕಾ. ಪಿಸ್ತೂಲು ನೋಡಿ ಅವರು ಹೆದರಲಿಲ್ಲ. ಹಿಡಿಯನ್ನು ಬಿಚ್ಚಿ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, “ಕುಡಗೋಲಿಗೆ ಹಿಡಿ ಹಾಕಬೇಕಾದ್ರ ಕೈ ನೋಡೂದಿಲ್ಲೇನವ್ವಾ? ಇದೂ ಹಂಗ” ಎಂದರು. ಆಮೇಲೆ ತಂಗಿಯ ಎಡಗೈ ಹಿಡಿದು ನೋಡುತ್ತ, “ನಿಮ್ಮ ಆಯಿನೂ ರೊಡ್ಡಿನ ಅಲ್ಲಾ. ಆಕಿ ಕುಡಗೋಲಿಗೆ ನಮ್ಮಪ್ಪನ ಹಿಡಿ ಹಾಕತಿದ್ದಾ. ಕಮ್ಮಾರಗ ಹೇಳಿ ಹಲ್ಲೂ ಆ ಕಡಿಗೇ ಹಾಕಸ್ತಿದ್ಳು” ಎಂದರು.

ನಮಗೆ ಇದು ಗೊತ್ತೇ ಇರಲಿಲ್ಲ. ಮನೆಗೆ ಬಂದು ಕೇಳಿದರೆ ಆಯಿ ಒಪ್ಪಿಕೊಂಡಳು. “ಹೊಲದಾಗ ಯಾರ್ ನೋಡ್ತಾರವ್ವಾ? ಕೆಲಸ ಆಗಬೇಕಿತ್ತು. ಪಂಗತಿಯಾಗ ನಾಲ್ಕ್ ಮಂದಿ ನೋಡ್ತಾರ.” ಅಂದರೆ ಆಯಿ ತನ್ನ ಕೈಯನ್ನು ಎರಡು ಪಾಲು ಮಾಡಿದ್ದಳು. ದುಡಿಯುವಾಗ ಒಂದು, ಕಾಣುವಾಗ ಇನ್ನೊಂದು. ಮೊಮ್ಮಗಳ ಕೈಗೆ ಹೊಡೆದದ್ದು ಸಿಟ್ಟಿನಿಂದಲ್ಲ, ನಾಲ್ಕು ಮಂದಿಯ ಭಯದಿಂದ. ತಂಗಿ ಏನೂ ಅನ್ನಲಿಲ್ಲ. ಆ ರಾತ್ರಿ ಎಡಗೈಯಲ್ಲಿ ಉಂಡಳು. ಆಯಿ ನೋಡಿದರೂ ಸುಮ್ಮನಿದ್ದಳು.

ಕಾಕಾ ಹಳೆಯ ಬಾಗಿಲ ಚೌಕಟ್ಟಿನ ಸಾಗವಾನಿ ತುಂಡು ಆರಿಸಿದರು. ಎಷ್ಟೋ ವರ್ಷದಿಂದ ಒಣಗಿದ ಕಟ್ಟಿಗೆ, ಇನ್ನು ಸೊಟ್ಟಾಗುವುದಿಲ್ಲ ಎಂಬ ಲೆಕ್ಕ. ಬಲಗೈ ಹಿಡಿಯನ್ನು ಕನ್ನಡಿಯ ಮುಂದಿಟ್ಟು, ಕನ್ನಡಿಯಲ್ಲಿ ಕಂಡದ್ದನ್ನು ನೋಡಿ ಗೆರೆ ಎಳೆದುಕೊಂಡರು. ಒರಟು ರೂಪ ಬಂದ ಮೇಲೆ ನಿಜವಾದ ಕೆಲಸ. ತಂಗಿಯ ಅಂಗೈಗೆ ನೀಲಿ ಸೀಮೆಸುಣ್ಣದ ಪುಡಿ ಹಚ್ಚಿ ಹಿಡಿಯನ್ನು ಹಿಡಿಸುವುದು. ನೀಲಿ ಹತ್ತಿದಲ್ಲಿ ಒತ್ತುತ್ತಿದೆ, ಹತ್ತದಲ್ಲಿ ಪೊಳ್ಳಿದೆ ಎಂದರ್ಥ. ಒತ್ತುವಲ್ಲಿ ಅರ, ಪೊಳ್ಳಿರುವಲ್ಲಿ ಎರಡು ಬಗೆಯ ಹಿಟ್ಟು ಕಲಸಿ ಮೆತ್ತುವ ಎಪಾಕ್ಸಿ ಪುಟ್ಟಿ. ಮತ್ತೆ ಸೀಮೆಸುಣ್ಣ. ಪರೀಕ್ಷೆ ಸರಳ. ಕಣ್ಣು ಮುಚ್ಚಿ ಕೈ ಎತ್ತಬೇಕು, ತೆರೆದಾಗ ಮುಂದಿನ ಮೊಳೆ ಹಿಂದಿನ ಕಿಂಡಿಯ ನಡುವೆ ತಾನಾಗಿ ನಿಂತಿರಬೇಕು. ಹತ್ತು ಸಲಕ್ಕೆ ಹತ್ತು ಸಲ.

ಅಥಣಿಯ ಚಪ್ಪಲಿಯೊಂದಿಗೆ ಇದನ್ನು ಹೋಲಿಸಿ ನೋಡಿದೆ. ಕೊಲ್ಹಾಪುರಿ ಎಂದು ಹೆಸರಾದ ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರು ಸೇರಿದವು, ಬೆಳಗಾವಿಯೂ ಅದರಲ್ಲಿದೆ. ಹೊಸ ಚಪ್ಪಲಿ ಕಚ್ಚುತ್ತದೆ. ಎಣ್ಣೆ ಹಚ್ಚಿ ಹದಿನೈದು ದಿನ ಮೆಟ್ಟಿದರೆ ಚರ್ಮ ಕಾಲನ್ನು ಕಲಿಯುತ್ತದೆ. ಕಟ್ಟಿಗೆ ಹಾಗೆ ಕಲಿಯುವುದಿಲ್ಲ. ಅದಕ್ಕೆ ಅರದಿಂದಲೇ ಹೇಳಬೇಕು.

ಮಿರಜಿನಲ್ಲಿ ಇದಕ್ಕೆ ಹತ್ತಿರದ ಕತೆಯಿದೆ. ಅಲ್ಲಿಯ ಸಿತಾರ ತಂಬೂರಿ ಮಾಡುವ ಮನೆತನಗಳು ಮೂಲತಃ ಶಿಕಲಗಾರರು, ಕತ್ತಿ ಮಸೆದು ಆಯುಧ ಸಜ್ಜುಗೊಳಿಸುವವರು. 19ನೇ ಶತಮಾನದಲ್ಲಿ ಆಯುಧಕ್ಕೆ ಗಿರಾಕಿ ಕಡಿಮೆಯಾದಾಗ ಫರೀದಸಾಹೇಬರಂಥವರು ವಾದ್ಯಗಳಿಗೆ ಕೈ ಹಾಕಿದರು. ಮಿರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆಯಿತು. ತಂಬೂರಿಯ ಜವಾರಿ ತೆಗೆಯುವವರು ಕುದುರೆಯನ್ನು ಅರದಿಂದ ಒಂದು ಸಲ ಸವರಿ, ತಂತಿ ಮೀಟಿ ಕೇಳಿ, ಮತ್ತೆ ಸವರುತ್ತಾರೆ. ನಮ್ಮ ಕಾಕಾ ಒಂದು ಸಲ ಸವರಿ ತಂಗಿಯ ಮುಖ ನೋಡುತ್ತಿದ್ದರು.

ತಿದ್ದುವುದಕ್ಕೂ ಮಿತಿಯಿದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹಿಡಿ ಮಣಿಕಟ್ಟಿಗೆ ಆಸರೆ ಕೊಡಬಾರದು, ಅಂಗೈ ಹಲಗೆ ಮೇಲಕ್ಕೆ ಬಾಗಿ ಕೈಯನ್ನು ಸುತ್ತಬಾರದು. ಇಡೀ ಪಿಸ್ತೂಲು 420, 200, 50 ಮಿಲಿಮೀಟರಿನ ಪೆಟ್ಟಿಗೆಯೊಳಗೆ ಹಿಡಿಸಬೇಕು. ತೂಕ 1500 ಗ್ರಾಂ ದಾಟಬಾರದು. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಕಾಕಾ ಪ್ಲೈವುಡ್ಡಿನಲ್ಲಿ ಅದೇ ಅಳತೆಯ ಪೆಟ್ಟಿಗೆ ಮಾಡಿಕೊಟ್ಟರು. ಟ್ರಿಗರಿಗೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಬಾಟಲಿ ಸಮೇತ ಸರಿಯಾಗಿ 500 ಗ್ರಾಂ ತೂಗಿದ ನೀರು. ನಳಿಕೆ ನೆಟ್ಟಗೆ ಮೇಲೆ ಮಾಡಿ ಬಾಟಲಿಯನ್ನು ಟ್ರಿಗರಿನಿಂದ ಎತ್ತಿದಾಗ ‘ಟಕ್’ ಎನ್ನಬಾರದು. ನಳಿಕೆಯ ತಂಟೆಗೆ ನಾವು ಹೋಗಲಿಲ್ಲ, ಹೋಗಲೂಬಾರದು. ಬಂದೂಕಿನ ವಿಷಯದಲ್ಲಂತೂ ಪರವಾನಗಿಯಿಲ್ಲದೆ ನಳಿಕೆ ಮೊಟಕು ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಕ್ರೀಡೆಯಲ್ಲಿ ತಿದ್ದುವುದೆಂದರೆ ಕೈ ಮತ್ತು ಕಣ್ಣು ಮುಟ್ಟುವ ಜಾಗಗಳನ್ನು ಮಾತ್ರ.

ಸಲಕರಣೆಯೇ ಎಲ್ಲವೂ ಅಲ್ಲ ಎನ್ನುವವರು ಟರ್ಕಿಯ ಯೂಸುಫ್ ಡಿಕೆಚ್ ಅವರನ್ನು ತೋರಿಸುತ್ತಾರೆ. ಪ್ಯಾರಿಸ್‌ನಲ್ಲಿ ಸಾದಾ ಕನ್ನಡಕ ಹಾಕಿ, ಒಂದು ಕೈ ಕಿಸೆಯಲ್ಲಿಟ್ಟು ಮಿಶ್ರ ತಂಡದ ಬೆಳ್ಳಿ ಗೆದ್ದವರು. ಆದರೆ ಅವರ ಕೈಯಲ್ಲಿದ್ದ ಪಿಸ್ತೂಲು ಸಾದಾ ಆಗಿರಲಿಲ್ಲ. ಮನು ಭಾಕರ್ ಟೋಕಿಯೋದಲ್ಲಿ ಪಿಸ್ತೂಲು ಕೈಕೊಟ್ಟು ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡು 575 ಅಂಕದೊಂದಿಗೆ 12ನೇ ಸ್ಥಾನಕ್ಕೆ ನಿಂತರು. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಹತಾರ ಗೆಲ್ಲಿಸಲಾರದು, ಸೋಲಿಸಬಲ್ಲದು.

ನಮ್ಮ ಹಿಡಿ ಮೂರನೆಯ ಪ್ರಯತ್ನಕ್ಕೆ ನಿಂತಿತು. ಮೊದಲನೆಯದು ಸೀಳಿತು, ಎರಡನೆಯದು ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಮೂರನೆಯದಕ್ಕೆ ಕಾಕಾ ಬೆರಳಿನ ಜಾಗದಲ್ಲಿ ಉಳಿಯಿಂದ ಸಣ್ಣ ಚುಕ್ಕೆ ಹೊಡೆದು ಒರಟು ಮಾಡಿದರು, ಬೆವತರೆ ಜಾರಬಾರದೆಂದು. ತಂಗಿಯ ಅಂಕಗಳು ಒಮ್ಮೆಲೇ ಹಾರಲಿಲ್ಲ. ಆದರೆ ನಲವತ್ತನೆಯ ಗುಂಡಿನ ಮೇಲೂ ಕೈ ನಿಲ್ಲುತ್ತಿದೆ. ರಾಜ್ಯಮಟ್ಟಕ್ಕೆ ಬೇಕಾದ ಅಂಕಕ್ಕೆ ಇನ್ನೂ ದೂರವಿದೆ. ಅವ್ವನ ಕಡೆಯಿಂದ ಒಂದು ವರ್ಷದ ಗಡುವಿದೆ, ಆಮೇಲೆ ಮದುವೆಯ ಮಾತು. ಆ ವರ್ಷದಲ್ಲಿ ಏಳು ತಿಂಗಳು ಉಳಿದಿವೆ.

ಮೊನ್ನೆ ಆಯಿ ಅಡ್ಡದ ಮೇಲಿನಿಂದ ಒಂದು ಹಳೆಯ ಕುಡಗೋಲು ತೆಗೆಸಿ ತೋರಿಸಿದಳು. ಹಲ್ಲು ತಿರುವುಮುರುವು, ಹಿಡಿಯ ಕಟ್ಟಿಗೆ ಎಡ ಹೆಬ್ಬೆರಳು ಒತ್ತಿ ಒತ್ತಿ ತಗ್ಗಾಗಿತ್ತು. ತಂಗಿ ಅದರಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಸ್ವಲ್ಪ ದೊಡ್ಡದಾಯಿತು. “ನಂದು ಬ್ಯಾರೇನ ಐತಿ ಆಯಿ” ಎಂದಳು. ನಾನು ನೋಟ್‌ಬುಕ್ಕಿನಲ್ಲಿ ‘ಕುಡಗೋಲು, ರೊಡ್ಡಗೈ’ ಎಂದು ಬರೆದು ಹಿಡಿಯ ಅಳತೆ ತೆಗೆದುಕೊಂಡೆ.