ಹೊಸ ಮದ್ದು, ಹಳೇ ಅಳತೆ

1/5
ಫೋಟೋದಲ್ಲಿರೋ ಮೇಜು ನನ್ನದಲ್ಲ. ಐಡಾಹೋದಲ್ಲಿ ನಾನು ಬಾಡಿಗೆಗಿರೋ ಮನೆಯ ಓನರ್ ಅಜ್ಜನದು. ವಯಸ್ಸು 78. ವರ್ಷಾ ವರ್ಷಾ ಎಲ್ಕ್ ಬೇಟೆಗೆ ಹೋಗ್ತಾರೆ. (ಎಲ್ಕ್ ಅಂದ್ರೆ ನಮ್ಮ ಕಡವೆಗೆ ದೊಡ್ಡಪ್ಪ ಅಂದ್ಕೊಳ್ಳಿ.) ತೋಟಾಗಳನ್ನ ಅಂಗಡಿಯಿಂದ ತರಲ್ಲ. ಒಮ್ಮೆ ಹಾರಿಸಿದ ಹಿತ್ತಾಳೆ ಕೇಸನ್ನೇ ತೊಳೆದು, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಒತ್ತಿ ಗ್ಯಾರೇಜಲ್ಲೇ ತಯಾರು ಮಾಡ್ತಾರೆ. ರೀಲೋಡಿಂಗ್ ಅಂತಾರೆ ಇದಕ್ಕೆ. ಇಲ್ಲಿ ಎಷ್ಟೋ ಜನರ ಹವ್ಯಾಸ.

ಸ್ಟೂಡೆಂಟ್ ವೀಸಾದಲ್ಲಿರೋ ನಾನು ಯಾವುದನ್ನೂ ಮುಟ್ಟಲ್ಲ. ಅಜ್ಜನಿಗೆ ಸಣ್ಣ ಅಕ್ಷರ ಕಾಣಲ್ಲ, ಹಾಗಾಗಿ ಪುಸ್ತಕ ನೋಡಿ ಓದಿ ಹೇಳೋದಷ್ಟೇ ನನ್ನ ಕೆಲಸ. ಅಷ್ಟರಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನೇ ಹೇಳೋಕೆ ಈ ಪೋಸ್ಟ್.

2/5
ಶೆಲ್ಫಲ್ಲಿ ಹಳೇ ಮದ್ದೂ ಇದೆ, ಹೊಸದೂ ಇದೆ. ಹಳೇದು ಮುರಿದ ಶಾವಿಗೆ ಚೂರಿನ ಹಾಗೆ ಕಡ್ಡಿ ಕಡ್ಡಿ. ಅಳೆಯೋ ಯಂತ್ರದಲ್ಲಿ ಸಿಕ್ಕಿಹಾಕಿಕೊಂಡು ಕರಕರ ಅನ್ನುತ್ತೆ. ಮೊಮ್ಮಗಳು ತಂದುಕೊಟ್ಟ ಹೊಸದು, 2020ರಲ್ಲಿ ಬಂದ ಸ್ಟಾಬಾಲ್ 6.5, ಗಸಗಸೆ ಥರ ಸಲೀಸಾಗಿ ಸುರಿಯುತ್ತೆ. ಗುಂಡಿನ ತಾಮ್ರ ನಳಿಗೆಗೆ ಅಂಟೋದನ್ನೂ ಕಡಿಮೆ ಮಾಡುತ್ತೆ. ಇನ್ನೂ ಮುಖ್ಯವಾದದ್ದು ಹವಾಮಾನ. ಆಗಸ್ಟ್ ಬಿಸಿಲಲ್ಲಿ ಗುರಿ ಸರಿಮಾಡಿಕೊಂಡ ರೈಫಲನ್ನ ನವೆಂಬರ್ ಹಿಮದಲ್ಲಿ ಹಾರಿಸಿದ್ರೆ, ಹಳೇ ಮದ್ದಲ್ಲಿ ಗುಂಡಿನ ವೇಗ ಸ್ವಲ್ಪ ಇಳಿಯುತ್ತೆ. ಹೊಸದರಲ್ಲಿ ಆ ವ್ಯತ್ಯಾಸ ಕಡಿಮೆ.

"ಹಾಗಾದ್ರೆ ಹಳೇದು ಯಾಕೆ?" ಅಂತ ಕೇಳಿದೆ. ಅಜ್ಜ ಒಂದು ನೋಟ್‌ಬುಕ್ ತೆಗೆದು ಮುಂದಿಟ್ಟರು. 40 ವರ್ಷದ ಕೈಬರಹ. ಯಾವ ದಿನ, ಎಷ್ಟು ಗ್ರೇನ್, ಎಷ್ಟು ಚಳಿ, ಗುಂಡು ಎಲ್ಲಿ ಬಿತ್ತು, ಎಲ್ಲಾ ಇದೆ. "ಹೊಸದು ಒಳ್ಳೇದೇ ಇರಬಹುದು. ಆದ್ರೆ ಅದರ ಬಗ್ಗೆ ನಾನಿನ್ನೂ ಏನೂ ಬರೆದಿಲ್ಲ" ಅಂದರು.

3/5
ಆವತ್ತು ಮೇಜಿನ ಮೇಲಿದ್ದ ಡಬ್ಬಿ ಐಎಂಆರ್ 4831. ನಾನು ಪುಸ್ತಕದಲ್ಲಿ 4831 ಹುಡುಕಿ, ಕಣ್ಣಿಗೆ ಬಿದ್ದ ಸಾಲನ್ನ ಓದಿಬಿಟ್ಟೆ. ಅಜ್ಜನ ಕೈ ನಿಂತಿತು. "ಯಾವ 4831?"

ನೋಡಿದ್ರೆ ನಾನು ಓದಿದ್ದು ಎಚ್4831ರ ಸಾಲು. ನಂಬರ್ ಒಂದೇ, ಮದ್ದು ಬೇರೆ. ಎರಡನೇ ಮಹಾಯುದ್ಧದಲ್ಲಿ 20 ಮಿ.ಮೀ. ಫಿರಂಗಿಗೆ ಅಂತ ಮಾಡಿದ ಮದ್ದು ರಾಶಿ ಉಳಿದಿತ್ತು. ಅದನ್ನ ಕೊಂಡು ಬೇಟೆಗಾರರಿಗೆ ಮಾರಿದವರು ಕ್ಯಾನ್ಸಸ್‌ನ ಬ್ರೂಸ್ ಹಾಡ್ಜ್‌ಡನ್. ಅದೇ ಎಚ್4831. 1970ರ ದಶಕದಲ್ಲಿ ಡುಪಾಂಟ್ ಅದೇ ನಂಬರಲ್ಲಿ ತನ್ನದೊಂದು ಮದ್ದು ತಂದಿತು. ಅದು ಉರಿಯೋದು ಇನ್ನೂ ಬೇಗ. ಎಚ್ ಮದ್ದಿನ ಪೂರ್ತಿ ಅಳತೆಯನ್ನ ಐಎಂಆರ್‌ಗೆ ಹಾಕಿದ್ರೆ ಒತ್ತಡ ಮಿತಿ ದಾಟಬಹುದು.

ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ. ಅಕ್ಕಸಾಲಿಗರ ಒಂದು ಗುಲಗಂಜಿ ತೂಕದಲ್ಲಿ ಹೆಚ್ಚುಕಮ್ಮಿ 2 ಗ್ರೇನ್. ತಪ್ಪು ಎಷ್ಟು ಸಣ್ಣದಾದ್ರೆ ಸಾಕು, ಲೆಕ್ಕ ಹಾಕಿ.

ಇನ್ನೊಂದು ತಮಾಷೆ. ಈಗ ಅಂಗಡಿಯಲ್ಲಿ ಸಿಗೋ ಎಚ್4831 ಯುದ್ಧದ ಉಳಿಕೆ ಅಲ್ಲವೇ ಅಲ್ಲ. ಆಸ್ಟ್ರೇಲಿಯಾದಲ್ಲಿ ತಯಾರಾಗಿ ಬರುತ್ತೆ, ಚಳಿ ಬಿಸಿಲಿಗೆ ಅಷ್ಟು ಬದಲಾಗಲ್ಲ. ಹಳೇ ಹೆಸರು, ಒಳಗಿರೋದು ಹೊಸದು!

4/5
ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಕೊಪ್ಪದ ಹತ್ತಿರ ನಮ್ಮ ಮನೆ. ತೋಟಕ್ಕೆ ಬರೋ ಹಂದಿ ಓಡಿಸೋಕೆ ಲೈಸೆನ್ಸ್ ಇರೋ ಕೋವಿ ಇತ್ತು. ಚುನಾವಣೆ ಬಂದ್ರೆ ಅದು ಠಾಣೆಗೆ ಹೋಗಿ ಕೂರೋದು. ನಮ್ಮಜ್ಜನ ಎಡಗೈಯಲ್ಲಿ ಮೂರೇ ಬೆರಳು. ಚಿಕ್ಕಂದಿನಲ್ಲಿ ಕೇಳಿದಾಗೆಲ್ಲ "ಕೋವಿ ಒಡೀತು" ಅಂತಷ್ಟೇ ಹೇಳೋರು.

"ಅಜ್ಜಾ, ಆ ದಿನ ಸರಿಯಾಗಿ ಆಗಿದ್ದೇನು?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು. ಅದು ಕೇಪಿನ ಕೋವಿ, ಕರಿಮದ್ದಿನದು. ಒಂದು ಸಲ ಮದ್ದು ಖಾಲಿ. ಯಾರೋ ಪರಿಚಯದವರು ತೋಟಾ ಕೋವಿಯ ಹೊಗೆಯಿಲ್ಲದ ಮದ್ದು ಕೊಟ್ಟರು. ಒಳ್ಳೇ ಹೊಸಾ ಮಾಲು ಅಂದರು. ಅಜ್ಜ ಯಾವಾಗಿನ ಅಳತೆಯಲ್ಲೇ ಹಾಕಿದರು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಮಾಡಿದ ಹೊಗೆಯಿಲ್ಲದ ಮದ್ದಿನ ವಂಶವೇ ಬೇರೆ. ಅದೇ ತೂಕಕ್ಕೆ ಕರಿಮದ್ದಿನ ಸುಮಾರು ಮೂರು ಪಟ್ಟು ಶಕ್ತಿ. ಒತ್ತಡ ಏರಿದಷ್ಟೂ ಬೇಗ ಉರಿಯುತ್ತೆ, ಬೇಗ ಉರಿದಷ್ಟೂ ಒತ್ತಡ ಏರುತ್ತೆ. ಕೇಪಿನ ಕೋವಿಯ ನಳಿಗೆ ಅದನ್ನ ತಡೆಯೋದಲ್ಲ.

"ಮದ್ದಿನ ತಪ್ಪಲ್ಲ ಮಾರಾಯ. ಮದ್ದು ಹೊಸದಿತ್ತು, ಅಳತೆ ಹಳೇದಿತ್ತು" ಅಂದರು ನಮ್ಮಜ್ಜ.

5/5
ಈಗ ಗ್ಯಾರೇಜಲ್ಲಿ ನಮ್ಮ ರೂಲ್ಸ್ ಹೀಗಿದೆ. ಮೇಜಿನ ಮೇಲೆ ಒಂದೇ ಡಬ್ಬಿ. ಒಂದು ಡಬ್ಬಿಯ ಮದ್ದು ಇನ್ನೊಂದಕ್ಕೆ ಸೇರೋ ಹಾಗಿಲ್ಲ. ನಾನು ಮೊದಲು ಡಬ್ಬಿ ಮೇಲಿನ ಪೂರ್ತಿ ಹೆಸರು ಓದ್ತೀನಿ, ಆಮೇಲೆ ಪುಸ್ತಕದ್ದು, ಮತ್ತೆ ಡಬ್ಬಿಯದು. ಹೊಸ ಮದ್ದಾದ್ರೆ ತಯಾರಕರ ಈಗಿನ ಪುಸ್ತಕವೇ ಬೇಕು. ಅದರಲ್ಲಿ ಹೇಳಿದ ಕಡಿಮೆ ಅಳತೆಯಿಂದಲೇ ಶುರು. ಅದೆಷ್ಟೇ ಹಳೇ ನೋಟ್‌ಬುಕ್ ಇರಲಿ, ಹೊಸ ಮದ್ದಿಗೆ ಅದು ಉತ್ತರ ಕೊಡಲ್ಲ.

ಅಜ್ಜ ಈಗ ಸ್ಟಾಬಾಲ್‌ಗೆ ಅಂತ ಹೊಸ ನೋಟ್‌ಬುಕ್ ತಂದಿದ್ದಾರೆ. ಮೊದಲ ಪುಟದ ತಾರೀಖು ನನ್ನ ಕೈಲೇ ಬರೆಸಿದರು. 78 ವರ್ಷದಲ್ಲಿ ಒಂದನೇ ಪುಟದಿಂದ!

ಮೊನ್ನೆ ನಮ್ಮಜ್ಜನಿಗೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದರು: "ಅವರಿಗೆ ಬೆರಳು ಎಲ್ಲಾ ಇದಾವಾ?"

"ಹತ್ತೂ ಇದೆ ಅಜ್ಜಾ."

"ಹಾಗಾದ್ರೆ ಕಲಿಯೋದಿದ್ರೆ ಅವರ ಹತ್ರ ಕಲಿ."

#ಐಡಾಹೋ_ಡೈರಿ #ಅಜ್ಜನ_ಕೋವಿ #ಮಲೆನಾಡು_ಹುಡುಗ