ಆ ಕಾಗದದ ಅಂಕಿ

ಜೆ.ಪಿ. ನಗರದ ಹತ್ತಿರ ರಿಂಗ್ ರಸ್ತೆಯಲ್ಲಿ ತಮ್ಮನ ಸ್ಕೂಟರ್ ಡಿವೈಡರ್‌ಗೆ ಹೊಡೆದಾಗ ತಲೆ ಮೇಲೆ ಹೆಲ್ಮೆಟ್ ಇತ್ತು, ಪಟ್ಟಿ ಹಾಕಿರಲಿಲ್ಲ. ಊದಿಕೊಂಡ ಮೆದುಳಿಗೆ ಜಾಗ ಬೇಕೆಂದು ತಲೆಬುರುಡೆಯ ಒಂದು ತುಂಡನ್ನು ತೆಗೆದಿಟ್ಟರು. ಆಮೇಲೆ ಐಸಿಯು ಹೊರಗಿನ ಬೆಂಚೇ ನಮ್ಮ ಮನೆ.

ಅದೇ ಜೆ.ಪಿ. ನಗರದಲ್ಲಿ 2021ರ ಜೂನ್‌ನಲ್ಲಿ ಬೈಕಿನಿಂದ ಬಿದ್ದ ನಟ ಸಂಚಾರಿ ವಿಜಯ್ ಉಳಿಯಲಿಲ್ಲ, ಅವರ ಅಂಗಾಂಗ ದಾನವಾಯಿತು. ನೋಡಲು ಬಂದವರೆಲ್ಲ ಅದನ್ನೇ ತೆಗೆಯುತ್ತಿದ್ದರು. ನಾನು ಎದ್ದು ಕ್ಯಾಂಟೀನಿಗೆ ಹೋಗುತ್ತಿದ್ದೆ.

ಡಾಕ್ಟರು ಹೇಳುತ್ತಿದ್ದುದು ಗ್ಲಾಸ್ಗೋ ಸ್ಕೋರ್. 1974ರಿಂದ ನಡೆದುಬಂದ ಲೆಕ್ಕ: ಕಣ್ಣು, ಮಾತು, ಕೈಕಾಲಿನ ಚಲನೆ ಸೇರಿ 3ರಿಂದ 15, 8 ಅಥವಾ ಅದಕ್ಕೂ ಕಡಿಮೆಯಾದರೆ ಪೆಟ್ಟು ತೀವ್ರ. ಆದರೆ ಗಂಟಲಲ್ಲಿ ಟ್ಯೂಬ್ ಇದ್ದವನ ಮಾತನ್ನು ಯಾರು ಅಳೆಯುತ್ತಾರೆ? ನಮ್ಮ ಮನೆಯವರು ಮೊಬೈಲಿನಲ್ಲಿ ಹುಡುಕಿ, ಗಾಯಗೊಂಡ ಮೆದುಳಿನಿಂದ ರಕ್ತಕ್ಕೆ ಸೋರುವ ಪ್ರೋಟೀನ್ ಅಳೆದರೆ ಮುಂದಿನದು ಗೊತ್ತಾಗುತ್ತದಂತೆ ಎಂದರು. ಡಾಕ್ಟರ ದುಂಬಾಲು ಬಿದ್ದೆವು.

ಎನ್‌ಎಸ್‌ಇ ಎಂಬ ಪರೀಕ್ಷೆಗೆ ಬರೆದುಕೊಟ್ಟರು. ಮೊದಲ ಸ್ಯಾಂಪಲ್ ಕೆಟ್ಟಿತು. ಲ್ಯಾಬಿನ ಹುಡುಗ ಟ್ಯೂಬನ್ನು ಬೆಳಕಿಗೆ ಹಿಡಿದು ತೋರಿಸಿದ: ಮೇಲಿನ ತಿಳಿ ಹಳದಿ ಇರಬೇಕಾದದ್ದು ನಸುಗೆಂಪಾಗಿತ್ತು. ಕೆಂಪು ರಕ್ತಕಣದಲ್ಲೂ ಅದೇ ಪ್ರೋಟೀನ್ ಇರುವುದರಿಂದ, ಕಣ ಒಡೆದರೆ ಅಂಕಿ ಸುಳ್ಳೇ ಏರುತ್ತದೆ. ಮತ್ತೆ ಸೂಜಿ. ಈ ಸಲ ವರದಿ ಬಂತು, ಅಂಕಿ ಮಿತಿಗಿಂತ ಎಷ್ಟೋ ಮೇಲೆ. ಕೆಳಗೆ ಸಣ್ಣಕ್ಷರದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದಿತ್ತು. ಅಮ್ಮ ಗೋಡೆ ಹಿಡಿದು ಕೂತಳು. ಆ ಪರೀಕ್ಷೆ ಕ್ಯಾನ್ಸರಿಗೂ ಬಳಕೆಯಾಗುವುದು ಎಂದು ಆಮೇಲೆ ತಿಳಿಯಿತು.

"ನೋಡಿ ಮೇಡಂ," ಅಂದರು ಡಾಕ್ಟರು, "ಹೃದಯ ನಿಂತು ಕೋಮಾಕ್ಕೆ ಹೋದವರಲ್ಲಿ ಇದನ್ನ ಬೇರೆ ಪರೀಕ್ಷೆಗಳ ಜೊತೆ ಸೇರಿಸಿ ನೋಡ್ತೀವಿ. ತಲೆಗೆ ಪೆಟ್ಟಾದವರಿಗೆ ಹಂಗೆ ಗೆರೆ ಎಳೆಯಕ್ಕಾಗಲ್ಲ. ಎಸ್100ಬಿ ಅಂತ ಇನ್ನೊಂದಿದೆ, ಅದು ಮುರಿದ ಮೂಳೆಯಿಂದಲೂ ಬರುತ್ತೆ, ಇವರ ಕಾಲರ್ ಬೋನ್ ಮುರಿದಿದೆ. ಜಿಎಫ್‌ಎಪಿ ವಾಸಿ, ಆದರೆ ಅಮೆರಿಕದವರು 2018ರಲ್ಲಿ ಒಪ್ಪಿದ್ದು ಸಣ್ಣ ಪೆಟ್ಟಿಗೆ ಸಿ.ಟಿ. ಬೇಕಾ ಬೇಡ್ವಾ ನೋಡಕ್ಕೆ. ಅಂಕಿ ಜಾಸ್ತಿ ಇದ್ದ ನೂರು ಜನರ ಬಗ್ಗೆ ಏನಾದ್ರೂ ಹೇಳಬಹುದು. ನಿಮ್ಮ ತಮ್ಮನ ಬಗ್ಗೆ ಹೇಳಲಾರೆ."

ಅಷ್ಟರಲ್ಲಿ ಅಂಕಿ ನೆಂಟರ ವಾಟ್ಸ್‌ಆ್ಯಪ್‌ನಲ್ಲಿ ಸುತ್ತಿಬಿಟ್ಟಿತ್ತು. ವೆಂಟಿಲೇಟರ್ ತೆಗೆಸೋಣವೇ ಎಂದು ಚಿಕ್ಕಪ್ಪ ಕೇಳಿದ್ದು ಆ ಸಂಜೆಯೇ. ಅವರನ್ನು ದೂರುವುದಿಲ್ಲ. ಹಣ ಹೊಂದಿಸುತ್ತಿದ್ದವರು ಅವರೇ, ಬಾಯಿಬಿಟ್ಟು ಹೇಳಲಾಗದ ಮಾತಿಗೆ ಅವರಿಗೊಂದು ಕಾಗದ ಸಿಕ್ಕಿತ್ತು. ಡಾಕ್ಟರು ಕೈಬಿಡುವ ತನಕ ನಾವು ಬಿಡುವುದು ಬೇಡ ಎಂದೆ.

ತಮ್ಮ ಕಣ್ಣು ಬಿಟ್ಟ. ಹೆಸರು ಕೂಗಿದರೆ ಬೆರಳು ಒತ್ತುತ್ತಿದ್ದ. ತೆಗೆದಿಟ್ಟ ಮೂಳೆಯನ್ನು ತಿಂಗಳುಗಳ ಮೇಲೆ ಮರಳಿ ಕೂರಿಸಿದರು. ಈಗ ಬನಶಂಕರಿಯ ಮನೆಯಲ್ಲಿದ್ದಾನೆ. ತಟ್ಟೆ ಬೇಕಾದಾಗ ಲೋಟ ಅನ್ನುತ್ತಾನೆ, ತಿದ್ದಿದರೆ ಕೂಗಾಡುತ್ತಾನೆ. ಕೆಲಸ ಹೋಯಿತು. ಒಬ್ಬನೇ ಬಸ್ ಹತ್ತಿ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿಬರುತ್ತಾನೆ. ಡಾಕ್ಟರ ಪಟ್ಟಿಯಲ್ಲಿ ಇದಕ್ಕೆ ಮಧ್ಯಮ ವೈಕಲ್ಯ ಎಂದು ಹೆಸರು, 'ಒಳ್ಳೆಯ ಫಲಿತಾಂಶ'ದ ಲೆಕ್ಕಕ್ಕೇ ಸೇರುತ್ತದೆ. ಅವನ ಕೂಗಾಟ ಕೇಳುತ್ತ ಇರುವ ನನಗೆ ಆ ಲೆಕ್ಕ ಪೂರ್ತಿ ಒಪ್ಪಿಗೆಯಿಲ್ಲ.

ಆ ವರದಿಯನ್ನು ಮತ್ತೆ ಕೇಳಿದವರು ವಿಮೆಯವರು ಮಾತ್ರ. ತಲೆಗೆ ಪೆಟ್ಟಾದವನಿಗೆ ಕ್ಯಾನ್ಸರ್ ಪರೀಕ್ಷೆ ಯಾಕೆ ಎಂದು ಬರೆದು, ಅದೊಂದು ಬಿಲ್ ಬಿಟ್ಟು ಮಿಕ್ಕದ್ದನ್ನು ಕೊಟ್ಟರು.