ಗಡಿಯಲ್ಲಿ ನಿಂತ ಸಕ್ಕರೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಸೀಮೆಗಳ ಮನೆಗಳಲ್ಲಿ ಇತ್ತಿತ್ತಲಾಗಿ ಒಂದು ಮಾತು ಮೇಲಿಂದ ಮೇಲೆ ಕೇಳಬರುತ್ತಿದೆ. ರಕ್ತಪರೀಕ್ಷೆಯ ಕಾಗದವನ್ನು ಹಿಡಿದುಕೊಂಡು ಬಂದ ಯಜಮಾನನನ್ನು "ಏನಂದ್ರರೀ ಡಾಕ್ಟರು?" ಎಂದು ಮನೆಯಾಕೆಯು ಕೇಳಿದರೆ, "ಏನೂ ಇಲ್ಲ ಬಿಡು, ಸಕ್ಕರಿ ಬಾರ್ಡರಿನ್ಯಾಗ ಐತಂತ" ಎಂದು ಹೇಳಿ ಆತನು ಅಂಗಿಯನ್ನು ಗೂಟಕ್ಕೆ ಹಾಕುವನು. ಕಾಗದವು ಹಳೆಯ ಪಂಚಾಂಗದೊಳಗೆ ಸೇರುವದು. ಗಡಿಯ ಪ್ರಶ್ನೆಯನ್ನು ಮುಂದೂಡುತ್ತ ಹೋದರೆ ಏನಾಗುವದೆಂಬದನ್ನು ಬೆಳಗಾವಿ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾದದ್ದಿಲ್ಲ. ಆದರೆ ದೇಹದ ಗಡಿಯ ವಿಷಯದಲ್ಲಿ ಮಾತ್ರ ಅವರು ಬಲು ನಿಶ್ಚಿಂತರು.

ಉಪವಾಸವಿದ್ದು ಬೆಳಿಗ್ಗೆ ಪರೀಕ್ಷಿಸಿದ ರಕ್ತದಲ್ಲಿ ಡೆಸಿಲೀಟರಿಗೆ ೧೨೬ ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಸಕ್ಕರೆಯಿದ್ದರೆ ಅದನ್ನು ಮಧುಮೇಹವೆನ್ನುವರು. ೧೦೦ರಿಂದ ೧೨೫ರ ವರೆಗೆ ಇದ್ದರೆ ಅದರ ಪೂರ್ವಾವಸ್ಥೆಯೆಂದು ಅನೇಕ ವೈದ್ಯರ ಎಣಿಕೆ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನವರು ೨೦೨೩ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಈ ದೇಶದಲ್ಲಿ ಮಧುಮೇಹಿಗಳು ೧೦ ಕೋಟಿ ೧೦ ಲಕ್ಷ. ಪೂರ್ವಾವಸ್ಥೆಯವರು ೧೩ ಕೋಟಿ ೬೦ ಲಕ್ಷ. ಮನೆಯೊಳಗೆ ಬಂದವರಿಗಿಂತ ಹೊಸ್ತಿಲ ಮೇಲೆ ನಿಂತವರೇ ಹೆಚ್ಚು. ಆದರೆ ೧೨೬ ಎಂಬ ಗೆರೆಯನ್ನು ಎಳೆದವರು ವೈದ್ಯರು. ಹೃದಯಕ್ಕೆ ಅದರ ಅರಿವಿಲ್ಲ. ಹೊಟ್ಟೆಯೊಳಗೂ ಯಕೃತ್ತಿನಲ್ಲಿಯೂ ಕೊಬ್ಬು ಸೇರಿ ಇನ್ಸುಲಿನ್ನಿನ ಮಾತನ್ನು ದೇಹವು ಕೇಳದಂತಾದಾಗ, ಸಕ್ಕರೆಯೊಂದೇ ಏರುವದಿಲ್ಲ. ರಕ್ತದ ಒತ್ತಡವೂ ಕೆಟ್ಟ ಕೊಬ್ಬೂ ಅದರ ಜೊತೆಗೇ ಏರುವವು. ನಾಳಗಳ ಒಳಮೈ ಕೆಡುವದು ಈ ಹೊಸ್ತಿಲಲ್ಲಿಯೇ ಆರಂಭವಾಗುವದು.

ಈ ಸೀಮೆಯಲ್ಲಿ ಬದಲಾದದ್ದಾದರೂ ಏನು? ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಯಿತು, ಎಂ. ಕೆ. ಹುಬ್ಬಳ್ಳಿಯಲ್ಲಿ ಸಹಕಾರೀ ಸಕ್ಕರೆಯ ಕಾರಖಾನೆಯಾಯಿತು. ಕಬ್ಬು ಬಂದ ಮೇಲೆ ಸಕ್ಕರೆರೋಗವೂ ಬಂದಿತೆಂದು ಕಟ್ಟೆಯ ಮೇಲೆ ಕುಳಿತವರು ವಿನೋದ ಮಾಡುವದುಂಟು. ವಿನೋದವು ಚೆನ್ನಾಗಿದೆ, ಕಾರಣವು ಸರಿಯಾದದ್ದಲ್ಲ. ಹೊಲದ ಬೆಳೆ ಬದಲಾದದ್ದಕ್ಕಿಂತ ಹೊಲಕ್ಕೆ ಹೋಗುವ ರೀತಿ ಬದಲಾದದ್ದು ದೊಡ್ಡ ಮಾತು. ತಂದೆಯು ಬುತ್ತಿಯನ್ನು ಕಟ್ಟಿಕೊಂಡು ಎರಡು ಹರದಾರಿ ನಡೆಯುತ್ತಿದ್ದನು. ಮಗನು ಮೋಟರಸೈಕಲ್ಲಿನಲ್ಲಿ ಹೋಗಿ ಟ್ರ್ಯಾಕ್ಟರು ಉಳುವದನ್ನು ಬದುವಿನ ಮೇಲೆ ನಿಂತು ನೋಡುವನು. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿಗಳ ಜಾಗದಲ್ಲಿ ಬಿಳಿಯ ಅನ್ನವು ಗುಡ್ಡೆಯಾಗಿ ನಿಂತಿದೆ. ಅಡತಿ ಅಂಗಡಿಯಲ್ಲಿ ಕುಳಿತವನಿಗೆ ಬಂದ ಗಿರಾಕಿಗೊಂದರಂತೆ ಸಿಹಿ ಚಹ. "ನಾ ತೆಳ್ಳಗದೀನಿ, ನನಗೇನಾಗತೈತಿ?" ಎನ್ನುವವರೂ ಉಂಟು. ಮೈಸೂರಿನ ಮಿಶನ್ ಆಸ್ಪತ್ರೆಯಲ್ಲಿ ೧೯೩೪ರಿಂದ ೧೯೫೪ರ ವರೆಗೆ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದ ಸಂಶೋಧಕರು, ಹುಟ್ಟುವಾಗ ತೂಕ ಕಡಮೆಯಿದ್ದವರಲ್ಲಿಯೇ ಮುಂದೆ ಹೃದ್ರೋಗವು ಹೆಚ್ಚಾಗಿತ್ತೆಂದು ೧೯೯೬ರಲ್ಲಿ ತೋರಿಸಿದರು. ಬಡಕಲು ಮೈಯೇನೂ ಕವಚವಲ್ಲ.

ಹಾಗಾದರೆ ನಡಿಗೆ ಊಟಗಳನ್ನು ತಿದ್ದಿಕೊಂಡರೆ ಹೃದಯವು ಉಳಿಯುವದೋ? ಇದಕ್ಕೆ ಅತಿ ದೀರ್ಘವಾದ ಸಾಕ್ಷ್ಯವು ಚೀನದ ಡಾಚಿಂಗ್ ಪಟ್ಟಣದ್ದು. ಅಲ್ಲಿ ೧೯೮೬ರಲ್ಲಿ ಪೂರ್ವಾವಸ್ಥೆಯ ೫೭೭ ಜನರನ್ನು ಆರಿಸಿ, ಕೆಲವರಿಗೆ ಆಹಾರದ ಹದವನ್ನೂ, ಕೆಲವರಿಗೆ ವ್ಯಾಯಾಮವನ್ನೂ, ಕೆಲವರಿಗೆ ಎರಡನ್ನೂ ಆರು ವರ್ಷ ರೂಢಿಮಾಡಿಸಿದರು. ಉಳಿದವರನ್ನು ಹಾಗೆಯೇ ಬಿಟ್ಟರು. ಆರು ವರ್ಷಗಳಾದ ಮೇಲೆ ಪಾಠವು ನಿಂತಿತು, ಲೆಕ್ಕವು ನಿಲ್ಲಲಿಲ್ಲ. ಇಪ್ಪತ್ತು ವರ್ಷಗಳ ತರುವಾಯವೂ ಹೃದಯದ ವಿಷಯದಲ್ಲಿ ನಿಶ್ಚಿತವಾದ ಅಂತರವು ಕಾಣಲಿಲ್ಲ. ಅಲ್ಲಿಗೇ ಕೈಬಿಟ್ಟಿದ್ದರೆ ಪ್ರಯತ್ನವೆಲ್ಲ ವ್ಯರ್ಥವೆಂದು ಬರೆದಿಡುತ್ತಿದ್ದರು. ಇಪ್ಪತ್ತಮೂರನೆಯ ವರ್ಷಕ್ಕೆ ಅಂತರವು ಕಾಣಿಸಿತು. ಮೂವತ್ತು ವರ್ಷಗಳ ಫಲವು ೨೦೧೯ರಲ್ಲಿ ಪ್ರಕಟವಾದಾಗ, ತಿದ್ದಿಕೊಂಡವರಲ್ಲಿ ಹೃದಯ ಮತ್ತು ರಕ್ತನಾಳಗಳ ಆಘಾತಗಳು ಶೇಕಡಾ ೨೬ರಷ್ಟು, ಅವುಗಳಿಂದಾಗುವ ಮರಣಗಳು ಶೇಕಡಾ ೩೩ರಷ್ಟು ಕಡಮೆಯಾಗಿದ್ದವು. ಮಧುಮೇಹವು ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು. ಹೃದಯವು ಬಡ್ಡಿಯನ್ನು ಬಹು ನಿಧಾನವಾಗಿ ಎಣಿಸುವ ಸಾಹುಕಾರ.

ವಿರುದ್ಧವಾದ ಸಾಕ್ಷ್ಯವನ್ನೂ ಮುಚ್ಚಿಡಬಾರದು. ಅಮೇರಿಕೆಯಲ್ಲಿ ೩,೨೩೪ ಜನರ ಮೇಲೆ ನಡೆದ ಇಂಥದೇ ಪ್ರಯತ್ನದಲ್ಲಿ, ಮೈತೂಕವನ್ನು ಶೇಕಡಾ ಏಳರಷ್ಟು ಇಳಿಸಿ ವಾರಕ್ಕೆ ೧೫೦ ನಿಮಿಷ ನಡೆಯಬೇಕೆಂಬ ಗುರಿಯಿಟ್ಟವರಲ್ಲಿ ಮಧುಮೇಹವು ಶೇಕಡಾ ೫೮ರಷ್ಟು ಕಡಮೆಯಾಯಿತೆಂದು ೨೦೦೨ರಲ್ಲಿ ತಿಳಿದುಬಂದಿತು. ಆದರೆ ಇಪ್ಪತ್ತೊಂದು ವರ್ಷಗಳ ಲೆಕ್ಕದಲ್ಲಿ ಹೃದಯಾಘಾತಗಳಲ್ಲಿ ವ್ಯತ್ಯಾಸವು ಕಾಣಲಿಲ್ಲ. ಅಲ್ಲಿ ಉಳಿದವರಿಗೂ ನಡುವೆ ಅದೇ ಶಿಕ್ಷಣವನ್ನು ಕೊಟ್ಟರು. ಒತ್ತಡಕ್ಕೂ ಕೊಲೆಸ್ಟರಾಲಿಗೂ ಅನೇಕರು ಗುಳಿಗೆಗಳನ್ನು ಸೇವಿಸುತ್ತಿದ್ದರು. ಎರಡು ಹೊಲಗಳಿಗೂ ನೀರು ಹಾಯಿಸಿದ ಮೇಲೆ ಬೆಳೆಯಲ್ಲಿ ಭೇದವನ್ನು ಹುಡುಕಿದಂತಾಯಿತು. ಇದರಿಂದ ತಿಳಿಯತಕ್ಕದ್ದು ಇಷ್ಟೇ: ಸಕ್ಕರೆಯೊಂದನ್ನೇ ಕಾದರೆ ಹೃದಯವನ್ನು ಕಾದಂತಾಗುವದಿಲ್ಲ, ಒತ್ತಡ, ಕೊಬ್ಬು, ತಂಬಾಕು ಇವೂ ಅದೇ ಲೆಕ್ಕದವು. ಚೆನ್ನೈಯಲ್ಲಿ ೫೩೧ ಜನರ ಮೇಲೆ ನಡೆದು ೨೦೦೬ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೂಕವು ಹೆಚ್ಚೇನೂ ಇಳಿಯದಿದ್ದರೂ ನಡಿಗೆ ಊಟಗಳಿಂದಲೇ ಮಧುಮೇಹವು ಶೇಕಡಾ ೨೮.೫ರಷ್ಟು ತಗ್ಗಿತು. ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ನಡಿಗೆಯನ್ನು ಬಿಡುವವರು ಇದನ್ನು ನೆನೆಯಬೇಕು.

ನಡಿಗೆಯು ಹೊಸ ಉಪದೇಶವೂ ಅಲ್ಲ. ಕುಳಿತಿರುವ ಸುಖ, ಮಲಗಿರುವ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ಪದಾರ್ಥ ಇವನ್ನು ಚರಕನು ಪ್ರಮೇಹದ ಕಾರಣಗಳಲ್ಲಿ ಎಣಿಸಿದನು. ಧನವೂ ಬಂಧುಗಳೂ ಇಲ್ಲದ ಪ್ರಮೇಹಿಯು ಕೆರವು ಕೊಡೆಗಳಿಲ್ಲದೆ, ಭಿಕ್ಷಾನ್ನವನ್ನುಂಡು, ಊರಿಗೊಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕೆಂದೂ, ಆಕಳುಗಳ ಬೆನ್ನು ಹತ್ತಿ ತಿರುಗಬೇಕೆಂದೂ, ಬಾವಿಯನ್ನು ತೋಡಬೇಕೆಂದೂ ಸುಶ್ರುತನು ವಿಧಿಸಿದನು. ಇವುಗಳಲ್ಲಿ ಒಂದನ್ನು ಮಾತ್ರ ಇಂದು ಒಪ್ಪಲಾಗದು, ಕೆರವಿಲ್ಲದ ನಡಿಗೆಯನ್ನು. ಹುಣ್ಣಿವೆಗೆ ಎಲ್ಲಮ್ಮನ ಗುಡ್ಡವನ್ನು ಬರಿಗಾಲಿನಿಂದ ಏರುವವರಲ್ಲಿ ಸಕ್ಕರೆಯಿಂದ ಪಾದಗಳು ಜೋಮು ಹಿಡಿದವರೂ ಇರುವರು; ಅಂಥವರಿಗೆ ನೆಟ್ಟ ಮುಳ್ಳು ತಿಳಿಯುವದಿಲ್ಲ, ಹುಣ್ಣಾದ ಮೇಲೆಯೇ ತಿಳಿಯುವದು.

ಡಾಚಿಂಗಿನ ಇಪ್ಪತ್ತಮೂರು ವರ್ಷಗಳ ಲೆಕ್ಕದಲ್ಲಿ ಇನ್ನೊಂದು ಸಂಗತಿಯಿದೆ. ಆಯುಷ್ಯದ ಲಾಭವು ಹೆಂಗಸರಲ್ಲಿ ಹೆಚ್ಚು ಸ್ಪಷ್ಟವಾಗಿತ್ತು. ಗಂಡಸರ ಧೂಮಪಾನವು ಇದಕ್ಕೆ ಒಂದು ಕಾರಣವಿರಬಹುದು. ಸರಕಾರೀ ಆರೋಗ್ಯಕೇಂದ್ರಗಳಲ್ಲಿ ಮೂವತ್ತು ವಯಸ್ಸು ದಾಟಿದವರೆಲ್ಲರ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸುವ ಏರ್ಪಾಡಿದೆ. ಅಲ್ಲಿಗೆ ಯಜಮಾನನನ್ನು ಕರೆತಂದವಳು ಹೊರಗಿನ ಕಟ್ಟೆಯ ಮೇಲೆ ಚೀಲವನ್ನು ಹಿಡಿದು ಕುಳಿತಿರುತ್ತಾಳೆ. ಅವಳ ಬೆರಳಿನ ಹನಿ ರಕ್ತವನ್ನು ಯಾರೂ ಕೇಳುವದಿಲ್ಲ, ಅವಳೂ ಮುಂದೆ ಚಾಚುವದಿಲ್ಲ. ಮನೆಗೆ ಹೋಗಿ ಎಲ್ಲರಿಗೂ ಬಡಿಸಿ, ಉಳಿದ ತಣ್ಣನೆಯ ಅನ್ನವನ್ನು ಸಂಜೆಯ ಹೊತ್ತಿಗೆ ತಾನು ಉಣ್ಣುವಳು.